ಸೂರ್ಯ ಮುಳುಗುವುದರೊಳಗೆ ಟಾಫಿ

‘ಈಜಿ’ ಎಂಬ ಶಬ್ದ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊನ್ನೆ ಮೊಮ್ಮಗಳು ಒಂದು ಮ್ಯಾಗಜಿನ್ ತಂದು ನನ್ನ ಮುಖದ ಮುಂದೆ ಹಿಡಿದಳು. ಉಪ್ಪುಬಿಸ್ಕೀಟು ಹಾಸಿ, ಅದರ ಮೇಲೆ ಬೆಣ್ಣೆ-ಸಕ್ಕರೆಯ ಟಾಫಿ ಸುರಿದು, ಬಾದಾಮಿ ಚೂರು ಉದುರಿಸಿದ ಒಂದು ತಿಂಡಿಯ ಬಣ್ಣದ ಚಿತ್ರ. ಪ್ರಲೀನ್ ಅಂತೆ. ಕೆಳಗೆ ‘ಈಜಿ ಹೋಮ್‌ಮೇಡ್’ ಎಂದು ದಪ್ಪಕ್ಷರ. “ಹತ್ತ ಮಿನಿಟಿನ ಕೆಲಸ ಐತಿ, ಅಜ್ಜಿ!” ಎಂದಳು.

ಹತ್ತು ಮಿನಿಟು! ಇದೇ ತಿಂಡಿಯನ್ನು ನಾನು ಮದುವೆಯಾಗಿ ಬಂದ ಹೊಸದರಲ್ಲಿ ತೇರದಾಳದ ಮನೆಯಲ್ಲಿ ಮಾಡಿದ್ದೆ. ಬೆಳಗಿನ ಕಸ ಗುಡಿಸುವ ಹೊತ್ತಿಗೆ ಶುರುವಾದದ್ದು ಸೂರ್ಯ ಬೇವಿನ ಮರದ ಹಿಂದೆ ಇಳಿಯುವವರೆಗೆ ನಡೆದಿತ್ತು. ಆವತ್ತು ಒಬ್ಬ ಹುಡುಗಿಯ ಶಾಲೆ ಆ ಟಾಫಿಯ ಮೇಲೆ ನಿಂತಿತ್ತು. ಈಜಿಯಂತೆ, ಈಜಿ.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅದು ಸಂಸ್ಥಾನಗಳ ಕಾಲ. ಜಮಖಂಡಿಗೆ ಒಬ್ಬ ರಾಜ, ಮುಧೋಳಕ್ಕೆ ಇನ್ನೊಬ್ಬ, ನಮ್ಮ ತೇರದಾಳ ಸಾಂಗಲಿಯವರದು; ಎತ್ತಿನ ಗಾಡಿಯಲ್ಲಿ ಒಂದು ನಿದ್ದೆ ತೆಗೆದು ಎದ್ದರೆ ರಾಜ್ಯವೇ ಬದಲಾಗಿರುತ್ತಿತ್ತು. ಆದರೆ ಯಾವ ರಾಜ್ಯದಲ್ಲೂ ಅತ್ತೆಯಂದಿರ ಕಾಯಿದೆ ಮಾತ್ರ ಒಂದೇ. ಕಾನ್ವೆಂಟಿನಲ್ಲಿ ನನಗೆ ಪಿಯಾನೋ ಕಲಿಸಿದ್ದರು, ಕರ್ಚೀಫಿನ ಅಂಚಿಗೆ ಲೇಸ್ ಹಾಕುವುದನ್ನು ಕಲಿಸಿದ್ದರು, ಕ್ರಿಸ್‌ಮಸ್ಸಿಗೆ ಈ ಬಿಸ್ಕೀಟಿನ ಟಾಫಿಯನ್ನು ಕಲಿಸಿದ್ದರು. ತೇರದಾಳದಲ್ಲಿ ಪಿಯಾನೋ ಇರಲಿಲ್ಲ. ಲೇಸಿನ ಕರ್ಚೀಫಿನಿಂದ ಮಾವ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಉಳಿದದ್ದು ಟಾಫಿ.

ಅದರ ಗರಜು ಬಂದದ್ದು ನನ್ನ ನಾದಿನಿ ಸುಮತಿಯ ದೆಸೆಯಿಂದ. ಊರ ಕನ್ನಡ ಶಾಲೆ ಮುಗಿಸಿದ್ದ ಹುಡುಗಿ, ನನ್ನಿಂದ ನಾಲ್ಕು ಇಂಗ್ಲಿಷ್ ಮಾತು ಕಲಿತು ಮುಂಜಾನೆ ಎಮ್ಮೆಗೂ ‘ಗುಡ್ ಮಾರ್ನಿಂಗ್’ ಹೇಳುವಳು. ಬೆಳಗಾವಿಯಲ್ಲಿ ನನ್ನ ತವರಿನಲ್ಲಿದ್ದುಕೊಂಡು ನನ್ನ ಕಾನ್ವೆಂಟಿಗೇ ಹೋಗಬೇಕೆಂದು ಅವಳ ಹಟ. ಮಾವ ಮರುದಿನ ಕೆಲಸದ ಮೇಲೆ ಕುಡಚಿಯಲ್ಲಿ ರೈಲು ಹಿಡಿದು ಬೆಳಗಾವಿಗೆ ಹೊರಡುವವರಿದ್ದರು. ಕರೆದುಕೊಂಡು ಹೋದರೆ ಆಗಲೇ, ಇಲ್ಲದಿದ್ದರೆ ಆ ವರ್ಷ ಹೋಯಿತು. ಬರುವ ವರ್ಷದೊಳಗೆ ಯಾರಾದರೂ ಹೆಣ್ಣು ನೋಡಲು ಬಂದು ಕೂತಿರುತ್ತಾರೆ. ಮಾವ ಒಪ್ಪಿದ್ದರು. ಒಪ್ಪದವರು ಅತ್ತೆ.

“ನೀ ಅಷ್ಟ್ ವರ್ಷ ಅಲ್ಲಿ ಏನ್ ಕಲತಿ ಬೇ? ಪೇಟಿ ಬಾರ್ಸೂದು? ಅದನ್ನ ತಿನ್ನಾಕ ಬರತೈತೇನು?” ಎಂದರು ನನಗೆ. “ನಮ್ಮಂಥಾವ್ರು ತಿನ್ನೂವಂಥಾದ್ದು ಒಂದರೆ ಮಾಡಿ ತೋರಸು. ಆಮ್ಯಾಲ ಇಕೀನ್ನ ಕಳಸೂ ಮಾತು.”

ಸುಮತಿ ನನ್ನ ಸೆರಗು ಜಗ್ಗಿದಳು. “ಟಾಫಿ ಮಾಡ್ರಿ ವೈನಿ. ಭಾಳ ಈಜಿ ಅಂತ ನೀವ ಹೇಳಿದ್ರಿ.”

ಆ ಶಬ್ದವನ್ನು ಅವಳಿಗೆ ಕಲಿಸಿದವಳೂ ನಾನೇ, ಏನು ಮಾಡಲಿ.

‘ನಮ್ಮಂಥವರು ತಿನ್ನುವಂಥದ್ದು’ ಎಂಬ ಮಾತಿನ ಭಾರ ನಿಮಗೆ ತಿಳಿಯಬೇಕು. ನಮ್ಮದು ದಿಗಂಬರ ಜೈನರ ಮನೆ. ಸೂರ್ಯ ಮುಳುಗಿದ ಮೇಲೆ ಅನ್ನವಿಲ್ಲ, ಅತ್ತೆಗೆ ನೀರೂ ಇಲ್ಲ. ನಾನು ಹುಟ್ಟಿದ ಮನೆಯೂ ಜೈನರದೇ, ಆದರೆ ವಕೀಲರ ಮನೆಯ ಜೈನಧರ್ಮ ಸ್ವಲ್ಪ ವಾಯಿದೆ ಕೊಡುತ್ತಿತ್ತು. ಇಲ್ಲಿ ಅದೆಲ್ಲ ನಡೆಯುವಂತಿರಲಿಲ್ಲ. ಮಾವ ಮಿರಜಿನಿಂದ ತಂದಿದ್ದ ಬಿಸ್ಕೀಟಿನ ಡಬ್ಬಿಯನ್ನು ಪಡಸಾಲೆಯಿಂದ ಒಳಗೆ ತಂದೆನೋ ಇಲ್ಲವೋ, ಅತ್ತೆ ಹೊಸ್ತಿಲಲ್ಲೇ ನಿಲ್ಲಿಸಿದರು. “ಅದರಾಗ ತತ್ತಿ ಇರತಾವು. ಹೊರಗಿಡು.” ತತ್ತಿಯಿಲ್ಲ ಎಂದು ಡಬ್ಬಿಯ ಮೇಲಿನ ಇಂಗ್ಲಿಷನ್ನು ಓದಿ ಹೇಳಿದೆ. “ಬರದಾವ ಯಾರು? ಮಾರಾಂವನ ಹೌದಲ್ಲೊ?” ಎಂದರು. ಕಾನ್ವೆಂಟಿನಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ.

ಬೆಣ್ಣೆಯೂ ಬಂದ್. ಬೆಣ್ಣೆ ತೆಗೆದ ಒಂದು ಮುಹೂರ್ತದೊಳಗೆ ಕಾಸಿ ತುಪ್ಪ ಮಾಡಬೇಕು, ಇಲ್ಲವಾದರೆ ಅದರಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ. ಕಾನ್ವೆಂಟಿನ ಸಿಸ್ಟರ್ ಮೈಕ್ರೋಸ್ಕೋಪಿನಲ್ಲಿ ತೋರಿಸಿ ನಮ್ಮನ್ನು ಬೆರಗುಗೊಳಿಸಿದ್ದ ಜೀವಗಳನ್ನು ಅತ್ತೆ ಬರಿಗಣ್ಣಿನಿಂದಲೇ ನೋಡಿ ಮುಗಿಸಿದ್ದರು. ನಾನು ತವರಿನಿಂದ ತಂದಿದ್ದ ವೆನಿಲಾ ಎಸೆನ್ಸಿನ ಸೀಸೆ ಮೂಸಿ ನೋಡಿ “ಸೆರಿ ವಾಸ್ನಿ ಬರಾಕತ್ತೈತಿ” ಎಂದು, ಹೆಂಡದ ಸೀಸೆಯೇ ಎಂಬಂತೆ ಅದನ್ನೂ ಗಡೀಪಾರು ಮಾಡಿದರು. ಬಾದಾಮಿ ಮಾತ್ರ ಧರ್ಮಕ್ಕೆ ಒಪ್ಪಿತವಾಗಿತ್ತು, ಆದರೆ ಊರಿನಲ್ಲಿ ಇರಲಿಲ್ಲ.

ಸಿಟ್ಟು ನೆತ್ತಿಗೇರಿತು. ಅಳುವುದಕ್ಕೆ ಟೈಮಿರಲಿಲ್ಲ. ಬಿಸ್ಕೀಟಿನ ಬದಲು ಏನು ಎಂದು ಅಡುಗೆಮನೆಯ ಸುತ್ತ ಕಣ್ಣಾಡಿಸಿದಾಗ ಕಂಡದ್ದು ಬುಟ್ಟಿಯಲ್ಲಿ ಪೇರಿಸಿಟ್ಟ ಕಟಕ ರೊಟ್ಟಿ. ಜೋಳದ್ದು, ತೆಳ್ಳಗೆ ಬಡಿದು ಒಣಗಿಸಿದ್ದು, ಮುಟ್ಟಿದರೆ ಲಟ್ಟೆಂದು ಮುರಿಯುವಂಥದ್ದು. ಇದಕ್ಕಿಂತ ಒಳ್ಳೆಯ ಕ್ರ್ಯಾಕರ್ ಯಾವ ವಿಲಾಯತಿಯಲ್ಲಿ ಸಿಕ್ಕೀತು? ಬೆಣ್ಣೆಯ ಬದಲು ತುಪ್ಪ, ಎಲುಬಿನ ಬೂದಿಯಿಂದ ಬಿಳಿ ಮಾಡುತ್ತಾರೆಂದು ಅತ್ತೆ ಮುಟ್ಟದ ಸಕ್ಕರೆಯ ಬದಲು ಮಹಾಲಿಂಗಪುರದ ಬೆಲ್ಲ, ವೆನಿಲಾಕ್ಕೆ ಏಲಕ್ಕಿ, ಬಾದಾಮಿಗೆ ಶೇಂಗಾ. ಸುಮತಿ ಶೇಂಗಾ ಹುರಿದು, ಉಜ್ಜಿ, ಸಿಪ್ಪೆ ಊದಿದಳು. ಸಿಪ್ಪೆಯೆಲ್ಲ ಅವಳ ಜಡೆಯ ಮೇಲೆ ಕೂತಿತು.

ಇಷ್ಟೆಲ್ಲ ಬದಲಾದ ಮೇಲೆ ಅದು ಟಾಫಿಯೋ ಅಲ್ಲವೋ ಎಂಬ ಪ್ರಶ್ನೆ ಎದ್ದಿತು. ಅತ್ತೆಗೆ ಪ್ರಶ್ನೆಯೇ ಇರಲಿಲ್ಲ. “ಇದು ಮಾದಲಿ ಕೆಡಿಸಿದ್ದು” ಎಂದರು. ಮಾದಲಿ ಎಂದರೆ ನಮ್ಮ ಕಡೆ ರೊಟ್ಟಿ ಪುಡಿ ಮಾಡಿ ಬೆಲ್ಲ ಬೆರೆಸುವ ಸಿಹಿ; ಮಗುವಿಗೂ ಮಾಡಲು ಬರುತ್ತದೆ. ಮಾವ ಶಾಸ್ತ್ರ ಓದಿದವರು. ಕನ್ನಡಕ ಏರಿಸಿ, “ಸ್ಯಾದ್ವಾದದ ಪ್ರಕಾರ ನೋಡಿದರ, ಒಂದ್ ಕಡಿಂದ ಇದು ಟಾಫಿ ಹೌದು. ಇನ್ನೊಂದ್ ಕಡಿಂದ ಅಲ್ಲ. ಎರಡೂ ಕಡಿಂದ ಒಮ್ಮೆಲೆ ನೋಡಿದರ, ಅವಕ್ತವ್ಯ. ಬಾಯಿಂದ ಹೇಳಾಕ ಬರೂದಿಲ್ಲ” ಎಂದರು. ಸಾವಿರಾರು ವರ್ಷದ ತತ್ತ್ವ ಒಲೆಯ ಮುಂದೆ ಬೆವರುತ್ತಿದ್ದ ನನಗೆ ಸಮಾಧಾನ ಕೊಡಲಿಲ್ಲ.

ಈಗ ಪಾಕದ ಮಾತು. ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟರೆ ಅದು ಗಾಜಿನ ಹಾಗೆ ಟಣ್ ಎನ್ನಬೇಕು. ಆಗ ಟಾಫಿ ಮುರಿಯುತ್ತದೆ. ಅದಕ್ಕೆ ಮೊದಲೇ ಇಳಿಸಿದರೆ ಅಂಟಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು? ಹಸಿ ಕಟ್ಟಿಗೆ ಹೊಗೆಯಾಡುತ್ತಿತ್ತು, ಬೆಲ್ಲ ಕರಗದೆ ಸಂಪು ಹೂಡಿತ್ತು, ಮತ್ತು ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, ರೈಲು ಬಿಡಲು ಕಾದ ಗಾರ್ಡನ ಹಾಗೆ ಆಕಾಶ ನೋಡುತ್ತಿದ್ದರು. “ಹೊತ್ತು ಗಿಡಕ್ಕ ಇಳೀತು. ಇನ್ನ ತಡಾ ಆದ್ರ ನಾ ಬಾಯಾಗ ಹಾಕೂದಿಲ್ಲ. ನಾಳಿ ತಿಂತೇನಿ.”

ನಾಳೆ! ನಾಳೆ ಕೋಳಿ ಕೂಗುವ ಹೊತ್ತಿಗೆ ಗಾಡಿ ಕುಡಚಿಗೆ ಹೊರಟಿರುತ್ತಿತ್ತು. ಸುಮತಿಯ ಮುಖ ನೋಡಿದೆ. ಜಡೆಯ ಮೇಲೆ ಶೇಂಗಾ ಸಿಪ್ಪೆ, ಕಣ್ಣಲ್ಲಿ ನೀರು. ಪಾಕವನ್ನು ನೀರಿಗೆ ಬಿಟ್ಟು ನೋಡಿದೆ. ಟಣ್ ಎನ್ನಲಿಲ್ಲ, ಮೆತ್ತಗೆ ಕೂತಿತು. ಆದದ್ದಾಗಲಿ ಎಂದು ಇಳಿಸಿ, ತಾಟಿನಲ್ಲಿ ಹಾಸಿದ್ದ ರೊಟ್ಟಿಚೂರುಗಳ ಮೇಲೆ ಸುರಿದು, ಶೇಂಗಾ ಉದುರಿಸಿ, ತಣ್ಣೀರಿನ ಮೇಲೆ ತಾಟು ತೇಲಿಬಿಟ್ಟು ಬೀಸಣಿಗೆ ಹಿಡಿದು ಕೂತೆವು. ಅತ್ತ ಸೂರ್ಯ ಇಳಿಯುವುದು, ಇತ್ತ ಟಾಫಿ ಆರುವುದು. ನೋಡುತ್ತ ಕುಳಿತವರಿಗೆ ಇವೆರಡಕ್ಕಿಂತ ನಿರ್ದಯವಾದ ವಸ್ತು ಬೇರೆಯಿಲ್ಲ.

ಕೊನೆಗೆ ಒಂದು ದೊಡ್ಡ ತುಂಡು ಕಿತ್ತು ಅತ್ತೆಯ ಕೈಗಿಟ್ಟೆ. ಬೇವಿನ ಎಲೆಗಳ ನಡುವೆ ಸೂರ್ಯ ಇನ್ನೂ ಒಂದು ಗೆರೆಯಷ್ಟು ಇದ್ದ. ಅವಸರದಲ್ಲಿ ಅವರು ಇಡೀ ತುಂಡನ್ನು ಬಾಯಿಗೆ ಹಾಕಿಕೊಂಡರು.

ಒಮ್ಮೆ ಅಗಿದರು. ರೊಟ್ಟಿ ಕಟಕ್ ಎಂದಿತು. ಎರಡನೆಯ ಸಲ ಅಗಿದರು. ಯಾವ ಸದ್ದೂ ಬರಲಿಲ್ಲ, ಬಾಯಿಯೂ ತೆರೆಯಲಿಲ್ಲ. ಮೇಲಿನ ಹಲ್ಲು ಕೆಳಗಿನ ಹಲ್ಲು ಕೂಡಿಬಿಟ್ಟಿದ್ದವು. ಉಗುಳುವ ಹಾಗಿಲ್ಲ, ಸಿಹಿ ಉಗುಳಿದರೆ ಇರುವೆ ಮುತ್ತುತ್ತವೆ, ಇರುವೆ ಮುತ್ತಿದರೆ ಯಾರೋ ತುಳಿಯುತ್ತಾರೆ, ಆ ಪಾಪ ಯಾರಿಗೆ? ನುಂಗಲು ಆಗುತ್ತಿಲ್ಲ. ಸೂರ್ಯ ಕಾಯುತ್ತಿಲ್ಲ. ಕಣ್ಣು ಅಗಲ ಮಾಡಿ, ಮುಳುಗುತ್ತಿರುವ ಸೂರ್ಯನನ್ನೇ ನೋಡುತ್ತ, ಜೀವನದಲ್ಲಿ ಮೊದಲ ಸಲ ಅತ್ತೆ ಮಾತಿಲ್ಲದೆ ನಿಂತಿದ್ದರು.

ಇಷ್ಟು ದಿನ ಅವರೊಡನೆ ಸಂಸಾರ ಮಾಡಿದ ಮಾವ ಇಂಥ ಗಳಿಗೆಯನ್ನು ಬಿಡುತ್ತಾರೆಯೆ? ಕೋಲೂರಿಕೊಂಡು ಹಿತ್ತಲಿಗೇ ಬಂದರು. “ಏನಂತೀ? ನಾಳಿ ಸುಮತೀನ್ನ ಕರಕೊಂಡ ಹೋಗಲ್ಯಾ?”

“ಊಂ… ಊಂ…”

“ಹೂಂ ಅಂದಳು. ಎಲ್ಲಾರೂ ಕೇಳೀರಿಲ್ಲೊ? ಏ ಸುಮತಿ, ಗಂಟ ಕಟ್ಟ.”

ಅತ್ತೆ ಕೊನೆಯ ಗುಟುಕು ನುಂಗಿ ಬಾಯಿ ಮುಕ್ಕಳಿಸಿದ ಮೇಲೆಯೇ ಸೂರ್ಯ ಮುಳುಗಿದ; ಅಷ್ಟರಲ್ಲಿ ಸುಮತಿಯ ಗಂಟೂ ಕಟ್ಟಿ ಆಗಿತ್ತು. ಬಾಯಿ ಬಿಟ್ಟ ಕೂಡಲೇ ಬಿರುಗಾಳಿ ಏಳುತ್ತದೆ ಎಂದು ನಾನು ಕಂಬಕ್ಕೆ ಒತ್ತಿಕೊಂಡು ನಿಂತೆ. ಅವರು ನನ್ನನ್ನು ನೋಡಿ, “ಪಾಕ ಕಚ್ಚಾ ಆಗೇತಿ” ಎಂದಷ್ಟೇ ಹೇಳಿ ಒಳಗೆ ಹೋದರು. ಬೆಳಿಗ್ಗೆ ಗಾಡಿಯಲ್ಲಿ ನೋಡಿದರೆ ಸುಮತಿಯ ಗಂಟಿನ ಪಕ್ಕದಲ್ಲಿ ಅವಳಷ್ಟೇ ಎತ್ತರದ ಕಟಕ ರೊಟ್ಟಿಯ ಬುಟ್ಟಿ.

ಸುಮತಿ ಮುಂದೆ ಹೆಡ್‌ಮಿಸ್ಟ್ರೆಸ್ ಆಗಿ, ನನ್ನ ಇಂಗ್ಲಿಷಿನ ತಪ್ಪುಗಳನ್ನು ಪಬ್ಲಿಕ್ಕಿನಲ್ಲಿ ತಿದ್ದುವಷ್ಟು ಕಲಿತಳು. ನಾನು ಮಾತ್ರ ಎಷ್ಟೋ ವರ್ಷ ನನ್ನ ಕಚ್ಚಾ ಪಾಕವೇ ಅವಳನ್ನು ಓದಿಸಿತು ಎಂದು ಒಳಗೊಳಗೇ ಬೀಗುತ್ತಿದ್ದೆ. ಅತ್ತೆಗೆ ಹಲ್ಲೆಲ್ಲ ಬಿದ್ದು, ನಾನು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಸಲಿಗೆಯಿಂದ ಕೇಳಿಯೇಬಿಟ್ಟೆ: “ಅತ್ತ್ಯಾರ, ಅವತ್ತ ಬಾಯಿ ಅಂಟಿರಲಿಲ್ಲಂದ್ರ ನೀವು ಒಲ್ಲೆ ಅಂತಿದ್ದಿರಿ, ಹೌದಲ್ಲರಿ?”

ಅವರು ನೆನೆದ ರೊಟ್ಟಿಯನ್ನು ಒಸಡಿನಲ್ಲಿ ನಿಧಾನವಾಗಿ ಅರೆದು ಮುಗಿಸಿದರು.

“ಬಾಯಿ ಅಂಟಿತ್ತು ಖರೆ,” ಎಂದರು. “ಕುತ್ತಿಗಿ ಅಂಟಿತ್ತೇನು ಬೇ? ಒಲ್ಲೆ ಅನ್ನೂದಿದ್ರ ತಲಿ ಅಲ್ಲಾಡಸಾಕ ಬರತಿದ್ದಿಲ್ಲೇನು?”

ಮೊಮ್ಮಗಳ ಮ್ಯಾಗಜಿನ್ನಿನಲ್ಲಿ ಪಾಕ ಟಣ್ ಎನ್ನುವವರೆಗೆ ಕಾಯಬೇಕೆಂದು ಬರೆದಿದೆ. ಕಾಯಬೇಡ, ಸ್ವಲ್ಪ ಮೊದಲೇ ಇಳಿಸು ಎಂದಿದ್ದೇನೆ. ಹೂಂ ಎನ್ನಲು ಮನಸ್ಸಿದ್ದೂ ಬಾಯಿ ಬಾರದವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ.