ಈಶಾನ್ಯ ಮೂಲೆಯ ಗುಂಡಿ

ಸಿಯಾಟಲ್ ಕಡೆಯ ಚಳಿಗಾಲದಲ್ಲಿ ಚಳಿಯನ್ನು ಹೇಗೋ ತಡೆದುಕೊಳ್ಳಬಹುದು, ಬೆಳಕಿಲ್ಲದಿರುವುದನ್ನಲ್ಲ. ನಾರ್ತ್ ಕ್ರೀಕ್‌ನ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಆರು ಚಳಿಗಾಲ ಕಳೆದಳು. ಪ್ರತಿ ನವೆಂಬರ್‌ಗೆ ಮಾತು ಕಡಿಮೆಯಾಗುತ್ತಿತ್ತು. ಜನವರಿಯ ಹೊತ್ತಿಗೆ ಮಧ್ಯಾಹ್ನವಾದರೂ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮಾತ್ರೆ, ಬಿಸಿಲಿನ ಬದಲಿಗೆ ಮುಖದೆದುರು ಇಟ್ಟುಕೊಳ್ಳಲು ಡಾಕ್ಟರ್ ಹೇಳಿದ ದೀಪ ಎಲ್ಲ ಆಯಿತು. ಕಳೆದ ಮಾರ್ಚ್‌ನಲ್ಲಿ ತಣ್ಣಗೆ ಹೇಳಿದಳು:

"ಇನ್ನೊಂದು ವಿಂಟರ್ ನನ್ನ ಕೈಲಾಗಲ್ಲ ರೀ. ಮೈಸೂರಿಗೆ ಹೋಗ್ಬಿಡ್ತೀನಿ."

ಮಗಳ ಹೈಸ್ಕೂಲ್ ಇನ್ನೂ ಎರಡು ವರ್ಷ ಬಾಕಿಯಿತ್ತು. ನಾನು ಜೊತೆಗೆ ಹೋಗುವಂತಿರಲಿಲ್ಲ. ಆಗ ಯಾವುದೋ ವಿಡಿಯೋದಲ್ಲಿ ನೆಲದೊಳಗಿನ ಹಸಿರುಮನೆ ಕಂಡೆ. ಆಳೆತ್ತರದ ಗುಂಡಿ ತೋಡಿ ಮೇಲೆ ಪಾರದರ್ಶಕ ಶೀಟು ಹೊದಿಸಿದರೆ, ಹೊರಗೆ ಹಿಮ ಬಿದ್ದರೂ ಒಳಗೆ ಬೆಚ್ಚಗಿರುತ್ತದಂತೆ. ಸುತ್ತ ಕಾಕಡ, ದೊಡ್ಡಪತ್ರೆ ಬೆಳೆಸಿ, ನಡುವೆ ಕುರ್ಚಿ ಹಾಕಿ ಅವಳನ್ನು ಕೂರಿಸಬೇಕೆಂದುಕೊಂಡೆ. ವಿಮಾನದ ರೆಕ್ಕೆಗಳ ಲೆಕ್ಕಾಚಾರ ಮಾಡುವ ಎಂಜಿನಿಯರ್ ನಾನು, ಅಲ್ಲಿಯವರೆಗೆ ಸಲಿಕೆ ಹಿಡಿದವನಲ್ಲ.

"ಅಡುಗೆಮನೆ ಕಿಟಕಿ ಕೆಳಗೆ ಮಾಡಿ. ಬಿಸಿಲು ಬಂದ್ರೆ ಅಲ್ಲೇ ಬೀಳೋದು," ಅಂದಳು. ಅದು ಮನೆಯ ದಕ್ಷಿಣ.

ವಾಸ್ತು ಅಂದರೆ ಮೂಗು ಮುರಿಯುತ್ತಿದ್ದವನು ನಾನು. ಆದರೆ ದಕ್ಷಿಣದಲ್ಲಿ ಗುಂಡಿ ತೋಡಿದರೆ ಮನೆಯ ಹೆಂಗಸಿಗೆ ಆಗಿಬರುವುದಿಲ್ಲ ಅನ್ನುವುದು ಚಿಕ್ಕಂದಿನಿಂದ ಕಿವಿಗೆ ಬಿದ್ದ ಮಾತು. ಮೊದಲೇ ಹೀಗಿದ್ದಾಳೆ, ಏನಾದರೂ ಆಗಿಬಿಟ್ಟರೆ? ಬಾವಿ ತೋಡಲು ಪ್ರಶಸ್ತವೆನ್ನುವ ಈಶಾನ್ಯ ಮೂಲೆಗೇ ಹೋಗಿ ಗೂಟ ಹೊಡೆದೆ. ಅಲ್ಲಿ ಮಣ್ಣು ಮೆತ್ತಗಿದೆ ಎಂದು ಅವಳಿಗೆ ಸುಳ್ಳು ಹೇಳಿದೆ. ಅವಳು ವಾದಿಸಲಿಲ್ಲ.

ಬೇಸಿಗೆಯ ಶನಿವಾರ ಭಾನುವಾರಗಳೆಲ್ಲ ಅಗೆತಕ್ಕೇ ಹೋದವು. ಎರಡಡಿ ಕೆಳಗೆ ಕಾಂಕ್ರೀಟಿನಂಥ ಗಟ್ಟಿ ಪದರ ಸಿಕ್ಕಿತು. ಗೋಡೆ ಕುಸಿಯುವುದಿಲ್ಲ ಎಂದು ಹಿಗ್ಗಿದೆ, ಪೆದ್ದ. ನೀರೂ ಇಂಗುವುದಿಲ್ಲ ಎಂದು ಹೊಳೆಯಲಿಲ್ಲ. ಹಾರೆ ಹಾಕಿ ಒಡೆಯುತ್ತಲೇ ಹೋದೆ. ಅವಳು ಮಜ್ಜಿಗೆ ತಂದುಕೊಟ್ಟು, ಅಂಚಿನಲ್ಲಿ ಕೂತು ಕೇಳುತ್ತಿದ್ದಳು: "ಕುರ್ಚಿ ಯಾವ ಕಡೆ ಇಡ್ತೀರಾ?" ಅಷ್ಟು ಕೇಳಿದರೆ ಸಾಕು, ನನ್ನ ಸೊಂಟನೋವು ಮರೆತುಹೋಗುತ್ತಿತ್ತು.

ಸೆಪ್ಟೆಂಬರ್‌ನಲ್ಲಿ ಮೇಲೆ ಶೀಟು ಹೊದಿಸಿ, ಕಾಕಡದ ಗಿಡ ನೆಟ್ಟು, ನಡುವೆ ಕುರ್ಚಿಯನ್ನೂ ಇಟ್ಟೆ. ಅಕ್ಟೋಬರ್‌ನಲ್ಲಿ ಮಳೆ ಹಿಡಿಯಿತು. ಇಡೀ ಹಿತ್ತಲಿನ ನೀರು ಇಳಿಜಾರು ಹಿಡಿದು ಆ ಮೂಲೆಗೇ ಬಂತು. ಬೆಳಗ್ಗೆ ಪಂಪ್ ಹಾಕಿ ಖಾಲಿ ಮಾಡಿದರೆ ಸಂಜೆಗೆ ಮತ್ತೆ ಮೊಣಕಾಲುದ್ದ. ನವೆಂಬರ್‌ನಲ್ಲಿ ಸೂರ್ಯ ತಗ್ಗಿದ ಮೇಲೆ ಗುಂಡಿಗೆ ದಿನವಿಡೀ ನಮ್ಮ ಮನೆಯದೇ ನೆರಳು. ಕಾಕಡದ ಬೇರು ಕೊಳೆತುಹೋಯಿತು.

ಒಂದು ಸಂಜೆ ಅವಳು ಕೊಡೆ ಹಿಡಿದು ಬಂದಳು. ಬಿಳಿ ಪ್ಲಾಸ್ಟಿಕ್ ಕುರ್ಚಿ ನೀರಿನಲ್ಲಿ ತೇಲುತ್ತಿತ್ತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಬೈಯಲಿಲ್ಲ.

"ಸಾಕು ಬನ್ನಿ, ನೆನೀತಿದೀರಾ. ನಂಗೆ ಟಿಕೆಟ್ ಬುಕ್ ಮಾಡಿ."

"ವಾಪಸ್ ಯಾವಾಗ?"

"ಹೋಗೋದಕ್ಕೆ ಮಾತ್ರ ಮಾಡಿ."

ಡಿಸೆಂಬರ್‌ನಲ್ಲಿ ಏರ್‌ಪೋರ್ಟಿಗೆ ಬಿಡಲು ಹೋದಾಗ, ಒಳಗೆ ಹೋಗುವ ಮೊದಲು ಕೇಳಿದಳು: "ನಿಜ ಹೇಳಿ, ಅಲ್ಲೇ ಯಾಕೆ ತೋಡಿದ್ರಿ?" ನಿನಗೆ ಏನೂ ಆಗಬಾರದು ಅಂತ, ಎನ್ನಲು ನಾಚಿಕೆಯಾಯಿತು. ಮಣ್ಣು ಮೆತ್ತಗಿತ್ತು ಅಂದೆ.

ಮನೆಗೆ ಬಂದು ಕಾರು ನಿಲ್ಲಿಸುವಾಗ, ಎಷ್ಟೋ ದಿನದ ಮೇಲೆ ಮೋಡ ಸರಿದಿತ್ತು. ಅಡುಗೆಮನೆ ಕಿಟಕಿಯ ಕೆಳಗಿನ ಹುಲ್ಲಿನ ಮೇಲೆ ಬಿಸಿಲು ಬಿದ್ದಿತ್ತು, ಒಂದು ಕುರ್ಚಿ ಹಾಕುವಷ್ಟು ಜಾಗದಲ್ಲಿ. ಅದು ಹೋಗುವವರೆಗೂ ಕೀ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದೆ. ಇಡೀ ಒಂದು ಗಂಟೆ ಇತ್ತು.