ಕೊನೆಯ ಗಾಡಿಯ ಮುಷ್ಟಿ

ನಮ್ಮ ಭಾವ ರೋಜೇರ್ ಹುಟ್ಟಿದ್ದೇ ಕೊನೆಗೆ. ಹನ್ನೊಂದು ಮಕ್ಕಳ ಮನೆಯಲ್ಲಿ ಹನ್ನೊಂದನೆಯವರು. ಬಟಾಣಿ ಸೂಪಿನ ಪಾತ್ರೆ ಮೇಜು ಸುತ್ತಿ ಅವರ ಹತ್ತಿರ ಬರುವಷ್ಟರಲ್ಲಿ ಸೌಟಿಗೆ ತಳವೇ ಸಿಗುತ್ತಿತ್ತಂತೆ. ಮೀನು ಕಾರ್ಖಾನೆಗೆ ಸೇರಿದ ಮೇಲೂ ಅಷ್ಟೇ, ಎಲ್ಲರೂ ಮನೆಗೆ ಹೋದ ನಂತರ ದೀಪ ಆರಿಸಿ ಬೀಗ ಹಾಕುವ ಕೆಲಸ ಅವರ ಪಾಲಿಗೇ ಬಂತು. ನಮ್ಮಕ್ಕ ಆಲ್ದೆಯಾಳನ್ನು ಮದುವೆಯಾದ ದಿನವಂತೂ ಪಾದ್ರಿಗಳು ಬಂದು, ಹೆಣ್ಣು ಬಂದು, ಫೋಟೋದವನೂ ಬಂದಾದ ಮೇಲೆ ಮದುವೆ ಗಂಡಿನ ಸವಾರಿ ಬಂತು. ದಾರಿಯಲ್ಲಿ ಯಾರದೋ ಕಾರು ಹಿಮದಲ್ಲಿ ಹೂತಿತ್ತಂತೆ, ಕೋಟು ಕಳಚಿಟ್ಟು ತಳ್ಳುತ್ತಾ ನಿಂತಿದ್ದರಂತೆ. ಅಕ್ಕ ಇವತ್ತಿಗೂ ಜಗಳಕ್ಕೆ ಬೇರೆ ವಿಷಯ ಸಿಗದಿದ್ದರೆ ಅದನ್ನೇ ಎತ್ತುತ್ತಾಳೆ.

ಇಂಥವರು ಹಿಮದ ಮೇಲೆ ಗಾಡಿ ಓಡಿಸುವ ನಮ್ಮ ಸ್ನೋಮೊಬೈಲ್ ಗುಂಪಿಗೆ ಸೇರಿದರೆ ಎಲ್ಲಿ ಇರುತ್ತಾರೆ ಹೇಳಿ? ಕೊನೆಯಲ್ಲೇ.

ಆದರೆ ಅದು ಸುಮ್ಮನೆ ಸಿಕ್ಕಿದ ಜಾಗವಲ್ಲ. ಗ್ಯಾಸ್ಪೆಯ ಕಡಲ ದಂಡೆಯ ನಮ್ಮೂರಿನಿಂದ ಪ್ರತಿ ಚಳಿಗಾಲ ಒಂದು ಗುಂಪು ಶಿಕ್‌ಶಾಕ್ ಬೆಟ್ಟದ ಮೇಲಿನ ಮರದ ತಂಗುಮನೆಗೆ ಹೋಗುತ್ತದೆ. ಬಹಳ ವರ್ಷದ ಹಿಂದೆ ಹಾಗೆ ಹೋದಾಗ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಉಗೆಟ್ ಒಂದು ತಿರುವಿನಲ್ಲಿ ದಾರಿ ತಪ್ಪಿ ಮೆತ್ತನೆ ಹಿಮದೊಳಗೆ ಸೊಂಟದವರೆಗೆ ಇಳಿದುಬಿಟ್ಟಳು. ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ಮೇಲೆ ತಲುಪಿ ಊಟಕ್ಕೆ ಕೂತಾಗ ಒಂದು ಕುರ್ಚಿ ಖಾಲಿ! ಭಾವ ಬಾಯಿಗೆ ಹಾಕಿದ್ದ ತುತ್ತನ್ನು ನುಂಗಿದರೋ ಇಲ್ಲವೋ, ಎದ್ದು ವಾಪಸ್ ಹೋದರು. ಉಗೆಟ್ ಹೂತ ಗಾಡಿಯ ಮೇಲೆ ಕೂತು, ನಮ್ಮ ಕಡೆಯ ಬೈಗುಳವೆಲ್ಲ ಚರ್ಚಿನದೇ ಅಲ್ಲವೇ, ಪೂಜಾಪೀಠದ ಮೇಲಿನ ಒಂದೊಂದೇ ಸಾಮಾನಿನ ಹೆಸರು ಹಿಡಿದು ಎಲ್ಲರಿಗೂ ಬೈಯುತ್ತಿದ್ದಳಂತೆ. ಆವತ್ತಿನಿಂದ ಭಾವನದು ಒಂದೇ ಮಾತು: "ಹಿಂದೆ ನಾನಿರ್ತೀನಿ."

ನಮ್ಮ ಕಾಡಿನ ದಾರಿ ಕಿರಿದು. ಎದುರಿಗೆ ಗಾಡಿ ಬಂದರೆ ಗುಂಪಿನ ಮುಂದಿನವನು ತನ್ನ ಹಿಂದೆ ಇನ್ನೆಷ್ಟು ಗಾಡಿಗಳಿವೆ ಎಂದು ಬೆರಳೆತ್ತಿ ತೋರಿಸಬೇಕು. ಕೊನೆಯವನು ಮುಷ್ಟಿ ಎತ್ತಬೇಕು: ನನ್ನ ಹಿಂದೆ ಯಾರೂ ಇಲ್ಲ, ಇನ್ನು ನೀವು ಧೈರ್ಯವಾಗಿ ಹೋಗಿ ಎಂದು. ನಮ್ಮ ಗುಂಪಿನಲ್ಲಿ ಆರು ಗಾಡಿ. ಮುಂದೆ ಓವಿಲಾ, ಬಡಗಿ, ಬಾಯಿ ದೊಡ್ಡದು. ಅವನು ಐದು ಬೆರಳೂ ಬಿಚ್ಚಿ ಅಂಗೈ ತೋರಿಸುತ್ತಿದ್ದ. ಕೊನೆಗೆ ಭಾವ ಮುಷ್ಟಿ ಎತ್ತುತ್ತಿದ್ದರು. ಅಷ್ಟು ವರ್ಷವೂ ಹಾಗೇ ನಡೆದು ಬಂದಿತ್ತು.

ಈ ಸಲ ಭಾವನ ಕಣ್ಣು ಕೈಕೊಟ್ಟಿತು. ನಮ್ಮ ಸ್ನೋಮೊಬೈಲ್ ಕ್ಲಬ್ಬಿನ ಮನೆಯ ಮುಂದೆ 'ನಿಧಾನ' ಎಂದು ತಾವೇ ಬಣ್ಣ ಬಳಿದು ನೆಟ್ಟಿದ್ದ ಫಲಕಕ್ಕೆ ತಾವೇ ಹೋಗಿ ಗುದ್ದಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ, "ಯಾವನೋ ಫಲಕ ಜರುಗಿಸಿದಾನೆ" ಅಂದರು. ರಿಮೂಸ್ಕಿಯ ಡಾಕ್ಟರು ಮಾತ್ರ ಮುಲಾಜು ನೋಡಲಿಲ್ಲ. ಇನ್ನು ಗಾಡಿ ಓಡಿಸುವ ಹಾಗಿಲ್ಲ ಎಂದು ಹೇಳಿ ಕಳಿಸಿದರು.

ಫೆಬ್ರವರಿಯಲ್ಲಿ ಎಂದಿನಂತೆ ಅಕ್ಕನ ಅಡುಗೆಮನೆಯಲ್ಲೇ ಸಭೆ ಸೇರಿತು. ದಾರಿಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಸುರುಳಿ ಸುತ್ತಿಕೊಳ್ಳದ ಹಾಗೆ ಒಂದು ಮೂಲೆಗೆ ಕಾಕಂಬಿ ಡಬ್ಬ, ಇನ್ನೊಂದಕ್ಕೆ ಸಕ್ಕರೆ ಬಟ್ಟಲು, ಮೂರನೆಯದಕ್ಕೆ ಉಗೆಟ್‌ಳ ಮೊಣಕೈ. ನಾಲ್ಕನೆಯ ಮೂಲೆಗೆ ಅಕ್ಕನ ಬೆಕ್ಕು ತಾನಾಗಿ ಬಂದು ಕೂತಿತು.

"ನದಿ ದಾರಿ ಹಿಡಿಯೋಣ, ಹತ್ತಿರ ಆಗುತ್ತೆ" ಅಂದ ಓವಿಲಾ.

"ನದಿ ಮೇಲಿನ ಐಸು ನಿಮ್ಮಪ್ಪ ಹಾಕಿಸಿದ್ದಾ? ಮೇಲಿನ ದಾರೀಲಿ ಹೋಗೋದು" ಅಂದಳು ಉಗೆಟ್.

"ಮೇಲಿನ ದಾರಿಗೆ ನಿನ್ನ ಗಾಡಿಗೆ ಪೆಟ್ರೋಲ್ ಸಾಲುತ್ತಾ? ಅದು ಗಾಡೀನಾ, ಕುಡುಕನಾ?"

"ಸರೋವರದ ಹತ್ರ ಬಂಕ್ ಇದೆಯಲ್ಲ!"

"ಹೋದ ಸಲ ಅವನು ಬಾಗಿಲು ಹಾಕ್ಕೊಂಡು ಮಗಳ ಮನೆಗೆ ಹೋಗಿದ್ದ, ಮರೆತ್ಯಾ? ಒಂದು ಕ್ಯಾನ್ ಕಟ್ಕೋ."

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಬ್ಯೂಜೋಲ್ಡ್ ಮನೆಯ ಅವಳಿ ಅಣ್ಣತಮ್ಮಂದಿರು ಮಾತ್ರ ಎರಡೂ ಕಡೆಗೆ ತಲೆಯಾಡಿಸುತ್ತಾ ಅಕ್ಕನ ಸಕ್ಕರೆ ಪೈ ಮುಗಿಸುತ್ತಿದ್ದರು. ಕಣಿವೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ದಾರಿಯೇ ಕಾಣಿಸದು, ಆದ್ದರಿಂದ ಬೆಳಕು ಹರಿಯುತ್ತಲೇ ಹೊರಡಬೇಕು ಎಂಬ ಒಂದಕ್ಕೆ ಮಾತ್ರ ಎಲ್ಲರೂ ಒಪ್ಪಿದರು. ಭಾವ ಒಲೆಯ ಪಕ್ಕ ಕೂತು ಕೇಳುತ್ತಿದ್ದರು.

ಆಮೇಲೆ ಓವಿಲಾ ತಂಗುಮನೆಯ ಯಜಮಾನಿಗೆ ಫೋನ್ ಮಾಡಿದ. ಆ ಹೆಂಗಸಿನ ದನಿ ಬೆಟ್ಟದಿಂದ ನೇರ ಕೂಗಿದರೂ ನಮಗೆ ಕೇಳಿಸುವಂಥದ್ದು.

"ರಾತ್ರಿ ಊಟಕ್ಕೆ ಎಷ್ಟು ಜನ? ಎಂದಿನ ಹಾಗೆ ಆರಾ?"

ಓವಿಲಾ ಫೋನಿನ ಮೇಲೆ ಕೈ ಮುಚ್ಚಿ ನಮ್ಮನ್ನು ನೋಡಿದ. ನಾವು ಬೆಕ್ಕನ್ನು ನೋಡಿದೆವು.

ನನಗೆ ಸುಮ್ಮನಿರಲು ಆಗಲಿಲ್ಲ. "ಭಾವ, ನನ್ನ ಗಾಡೀಲಿ ಎರಡು ಸೀಟು ಇದೆ. ಹಿಂದೆ ಕೂತ್ಕೊಳ್ಳಿ. ನಾನೂ ಒಂದ್ಸಲ ಬಂದ ಹಾಗಾಗುತ್ತೆ."

"ನಿನ್ನ ಹಿಂದೆ?" ಭಾವ ಎದ್ದು ನಿಂತರು. "ನಾನೇನು ಆಲೂಗಡ್ಡೆ ಮೂಟೇನಾ, ಹೇರ್ಕೊಂಡು ಹೋಗೋಕೆ?"

"ಮೂಟೆ ಆಗಿದ್ರೆ ಎಷ್ಟೋ ಸುಖ. ಮೂಟೆ ಎದುರು ಮಾತಾಡಲ್ಲ."

"ಕೊಲಂಬ್, ಬಾಯಿ ಮುಚ್ಚೆ!" ಅಂದಳು ಅಕ್ಕ.

"ಐದು ಅಂತ ಹೇಳೋ ಓವಿಲಾ" ಅಂದರು ಭಾವ. "ಐದು ತಟ್ಟೆ. ಬೆಟ್ಟ ನೋಡಿ ಸಾಕಾಗಿದೆ ನನಗೆ. ಈ ಸಲ ಅಂತಲ್ಲ, ಇನ್ನು ಯಾವತ್ತೂ ನನ್ನನ್ನ ಎಣಿಸಬೇಡಿ." ಹೊರಗೆ ಹೋಗಿ ಸೌದೆ ಒಡೆಯತೊಡಗಿದರು. ಒಡೆಯಲು ಸೌದೆ ಇರಲಿಲ್ಲ, ಒಡೆದದ್ದನ್ನೇ ಇನ್ನೊಮ್ಮೆ ಒಡೆದರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರಿಗೆಲ್ಲ ಗೊತ್ತು. ಆದರೆ ಆವತ್ತು ಕೋಪಕ್ಕಿಂತ ಸಂಕಟವೇ ಹೆಚ್ಚಾಗಿತ್ತು. ಒಮ್ಮೆ 'ಇನ್ನಿಲ್ಲ' ಅಂದರೆ ಆ ಮನುಷ್ಯ ನಾವು ತಿಪ್ಪರಲಾಗ ಹಾಕಿದರೂ ಮಾತು ಬದಲಿಸುವವರಲ್ಲ. ಬೆಟ್ಟ ಬಿಟ್ಟರೆ ಚಳಿಗಾಲವಿಡೀ ಅವರಿಗೆ ಉಳಿಯುವುದು ಒಲೆ ಪಕ್ಕದ ಕುರ್ಚಿಯೊಂದೇ.

ಕೊನೆಯ ಜಾಗಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ ಓವಿಲಾ ಗುಂಪಿನಲ್ಲೇ ಇದ್ದ ತನ್ನ ಅಳಿಯ ಜೀನೊನನ್ನು ಮುಂದೆ ತಳ್ಳಿದ. ಜೀನೊ ಹೊಸ ಕರಿ ಗಾಡಿ ಕೊಂಡಿದ್ದ. ಅದರ ಕನ್ನಡಿಯಲ್ಲಿ ಅವನು ಹಿಂದಿನ ದಾರಿ ನೋಡುವುದಕ್ಕಿಂತ ತನ್ನ ಮುಖ ನೋಡಿಕೊಳ್ಳುವುದೇ ಜಾಸ್ತಿ.

ಶನಿವಾರ ಬೆಳಿಗ್ಗೆ ಅವರು ಹೊರಟರು. ಶನಿವಾರ ಕ್ಲಬ್ಬಿನ ಅಡುಗೆಮನೆ ನನ್ನದು, ದಾರಿಹೋಕರಿಗೆ ಸೂಪು ಬಡಿಸುವ ಕೆಲಸ. ಸ್ವಲ್ಪ ಹೊತ್ತಿಗೆ ಭಾವ ಬಂದರು.

"ಒಲೇಲಿ ಹೊಗೆ ಬರ್ತಿದೆ ಅಂದಿದ್ಯಲ್ಲ, ನೋಡೋಣ ಅಂತ ಬಂದೆ."

ನಾನು ಹಾಗೆ ಅಂದೇ ಇರಲಿಲ್ಲ. "ಹೌದು ಭಾವ, ನೋಡಿ" ಅಂದೆ. ಅವರು ಒಲೆಯನ್ನು ನೋಡಲಿಲ್ಲ. ಕಿಟಕಿಯ ಪಕ್ಕ ಕೂತು, ಬೆಟ್ಟದ ಕಡೆಗೆ ಕಿವಿಯಿಟ್ಟು ಸೂಪು ಕುಡಿಯತೊಡಗಿದರು.

ಅಷ್ಟರಲ್ಲಿ ಮೂವರು ಅಪರಿಚಿತರು ಧಡಾರನೆ ಬಾಗಿಲು ತೆಗೆದು ನುಗ್ಗಿದರು. ಬೋಸ್ ಎಂಬ ದೂರದ ಸೀಮೆಯವರು, ಬೆಟ್ಟ ದಾಟಿ ಕಡಲು ನೋಡಲು ಬಂದವರು, ಮರುದಿನ ಅದೇ ದಾರಿಯಲ್ಲಿ ವಾಪಸ್ ಹೋಗುವವರು. ಮುಂದಿದ್ದವನ ಮೀಸೆಯಲ್ಲಿ ಐಸು ಜೋತಾಡುತ್ತಿತ್ತು.

"ಮೇಲಕ್ಕೆ ಹೋಗ್ತಿದ್ದ ಗುಂಪು ನಿಮ್ಮೂರಿನದಾ? ಹಳದಿ ಗಾಡಿಯವನು ಮುಂದೆ?"

"ಹೌದು, ಅವನು ಓವಿಲಾ. ಏನಾಯ್ತು?"

"ಅವರ ಕೊನೆಯವನು ಕಾಣೆಯಾಗಿದಾನೆ!"

ಭಾವನ ಚಮಚ ಬಟ್ಟಲಿಗೆ ಬಿತ್ತು. "ಕೊನೆಯವನಾ? ಜೀನೊ! ಆ ಪುಣ್ಯಾತ್ಮನಿಗೆ ಹಿಂದೆ ಮುಂದೆ ಗೊತ್ತಿಲ್ಲ ಅಂತ ನಾನು ಆವತ್ತೇ ಅಂದ್ಕೊಂಡೆ!" ಎನ್ನುತ್ತಾ ಗೋಡೆಗೆ ತೂಗುಹಾಕಿದ್ದ ನನ್ನ ಹೆಲ್ಮೆಟ್ಟನ್ನೇ ತಲೆಗೆ ತುರುಕಿಕೊಂಡರು. ಕಿವಿ ಹತ್ತಿರ ಸಿಕ್ಕಿಹಾಕಿಕೊಂಡಿತು.

"ಮುಂದಿನವನು ಐದು ಅಂತ ತೋರಿಸಿದ" ಅಂದ ಮೀಸೆಯವನು. "ನಾವು ಎಣಿಸಿದ್ವಿ, ಬಂದದ್ದು ನಾಲ್ಕೇ. ನಾಲ್ಕನೆಯವನು ಮುಷ್ಟಿ ಎತ್ತಲಿಲ್ಲ, ಮದುವೆ ಮೆರವಣಿಗೇಲಿ ಹೋಗೋನ ಹಾಗೆ ಕೈ ಬೀಸ್ಕೊಂಡು ಹೋದ. ಇನ್ನೊಬ್ಬ ಬರ್ತಾನೆ ಅಂತ ಕಾದು ಕಾದು ಕಾಲು ಮರಗಟ್ಟಿತು. ಬರ್ತಾ ದಾರಿ ಪಕ್ಕದ ಹಳ್ಳ, ಪೊದೆ ಎಲ್ಲ ಇಣುಕಿ ನೋಡಿದೀವಿ. ಪೊಲೀಸರಿಗೆ ಫೋನ್ ಮಾಡಿ ತಾಯಿ!"

"ತಡೀರಿ" ಅಂದರು ಭಾವ, ಅರ್ಧ ಹೆಲ್ಮೆಟ್ಟಿನೊಳಗಿಂದ. "ಹೊಗೆ ಕಾರ್ತಾ ಒಂದು ಕೆಂಪು ಗಾಡಿ ಬಂತಾ?"

"ಬಂತು. ಓಡಿಸ್ತಿದ್ದ ಹೆಂಗಸು ಏನೋ ಬೈತಿದ್ಲು."

"ಅವಳು ಉಗೆಟ್. ನೀಲಿ ಗಾಡಿ, ಒಂದೇ ಥರದವು ಎರಡು?"

"ಬಂದ್ವು."

"ಕರೀದು, ಫಳಫಳ ಹೊಳೀತಿರೋದು?"

"ಅವನೇ ಕೈ ಬೀಸಿದ್ದು."

ಭಾವ ಬೆರಳು ಮಡಚುತ್ತಾ ಎಣಿಸಿದರು. ಇನ್ನೊಮ್ಮೆ ಎಣಿಸಿದರು. "ಎಲ್ಲಾ ಇದಾರಲ್ರೀ! ಇನ್ಯಾರು ಕಾಣೆಯಾಗಿರೋದು?"

ನನಗೆ ಹೊಳೆಯಿತು. ನಗು ಬಂತು.

"ಅಯ್ಯೋ ಭಾವ, ಕಾಣೆಯಾಗಿರೋರು ನೀವೇ!"

"ಇವರಾ?" ಮೀಸೆಯವನು ಭಾವನನ್ನೂ ಸೂಪಿನ ಬಟ್ಟಲನ್ನೂ ನೋಡಿದ. "ಇವರಿಗೋಸ್ಕರ ನಾವು ಹಳ್ಳಕ್ಕೆ ಇಳಿದಿದ್ದಾ?"

ಭಾವ ಹೆಲ್ಮೆಟ್ಟು ಕಿತ್ತು ಮಡಿಲಲ್ಲಿ ಇಟ್ಟುಕೊಂಡರು. ಅದರ ಪಟ್ಟಿಯನ್ನು ಹಾಕಿದರು, ಬಿಚ್ಚಿದರು. ಆಮೇಲೆ ಮೆಲ್ಲಗೆ ಕೇಳಿದರು, "ಆ ಹಳದಿ ಗಾಡಿಯವನು... ಕೈ ಪೂರ್ತಿ ಬಿಚ್ಚಿದ್ನಾ? ಹೆಬ್ಬೆರಳೂ?"

"ಹೆಬ್ಬೆರಳೂ ಬಿಚ್ಚಿದ್ದ. ಇಷ್ಟಗಲ!" ಮೀಸೆಯವನು ಅಂಗೈ ಹರವಿ ತೋರಿಸಿದ.

ಭಾವ ಆ ಕೈಯನ್ನೇ ನೋಡಿದರು. ಎಷ್ಟು ಕಾಣಿಸಿತೋ ಏನೋ. ಕಣ್ಣು ಒರೆಸಿಕೊಂಡು ಎದ್ದರು.

"ಕೊಲಂಬ್, ನಿನ್ನ ಗಾಡೀಲಿ ಪೆಟ್ರೋಲ್ ಇದೆಯೇನೇ?"

"ಸೋಮವಾರದಿಂದ ತುಂಬಿಸಿ ಇಟ್ಟಿದೀನಿ" ಅಂದೆ. ಅದು ನಿಜ. ಸೌಟನ್ನು ಮೀಸೆಯವನ ಕೈಗೆ ಕೊಟ್ಟೆ. "ಬಡಿಸ್ಕೊಂಡು ತಿನ್ನಿ. ಯಾರಾದ್ರೂ ಬಂದ್ರೆ ಅವರಿಗೂ ಬಡಿಸಿ. ಹೋಗೋವಾಗ ಪಾತ್ರೆ ತೊಳೆದಿಟ್ಟು ಹೋಗಿ, ಆಯ್ತಾ?" ಅವನು ಸೌಟು ಹಿಡಿದು ಬಾಯಿ ಬಿಟ್ಟು ನಿಂತೇ ಇದ್ದ.

ದಾರಿಯುದ್ದಕ್ಕೂ ಭಾವ ನನ್ನ ಬೆನ್ನಿಗೆ ಗುದ್ದುತ್ತಿದ್ದರು. ಒಂದು ಗುದ್ದಿದರೆ ನಿಧಾನ, ಎರಡು ಗುದ್ದಿದರೆ ನಿಲ್ಲಿಸು. ಕಣ್ಣು ಕಾಣದಿದ್ದರೇನು, ಯಾವ ತಿರುವು ಎಲ್ಲಿ ಬರುತ್ತದೆ ಎಂದು ಮೈಗೇ ಗೊತ್ತಿತ್ತು. ಉಗೆಟ್ ಹೂತಿದ್ದ ಜಾಗದಲ್ಲಿ ಎರಡು ಗುದ್ದಿ ನಿಲ್ಲಿಸಿ, "ಇಲ್ಲೇ ಕಣೇ ಅವಳು ಬೈತಾ ಕೂತಿದ್ದು" ಎಂದು ತೋರಿಸಿದರು. ಆ ಕಥೆ ನಾನು ನೂರು ಸಲ ಕೇಳಿದ್ದೆ. ನೂರೊಂದನೆಯ ಸಲವೂ ಕೇಳಿದೆ.

ತಂಗುಮನೆಯ ಮೆಟ್ಟಿಲ ಮೇಲೆ ಓವಿಲಾ ನಿಂತಿದ್ದ. ಭಾವನನ್ನು ಕಂಡು ಕೈಯಲ್ಲಿದ್ದ ಬಿಯರು ಚೆಲ್ಲಿಕೊಂಡ. ನಾನು ಆದದ್ದನ್ನೆಲ್ಲ ಹೇಳಿದೆ.

"ನಾನಾ? ಐದಾ? ಸುಳ್ಳು! ನಾಲ್ಕೇ ತೋರಿಸಿದ್ದು. ಹೊರಡೋವಾಗ ನೆನಪಿಟ್ಕೊಂಡೇ ಹೊರಟಿದ್ದೆ!"

"ಹೆಬ್ಬೆರಳು ಮಡಚೋದು ಮರೆತಿದೀಯ ಕಣೋ" ಅಂದರು ಭಾವ.

ಓವಿಲಾ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಒಳಗೆ ಯಜಮಾನಿ ಕೂಗಾಡಿದಳು, "ಐದು ಅಂತ ಹೇಳಿ ಏಳು ಜನ ಬಂದ್ರೆ ಮಾಂಸದ ಪೈ ಎಲ್ಲಿಂದ ತರ್ಲಿ?" ಅವಳಿಗಳ ಪಾಲಿನಲ್ಲಿ ಕೊಯ್ದು ನಮಗೆ ಬಡಿಸಿದಳು.

ಮರುದಿನ ಇಳಿಯುವಾಗ ಸಾಲು ಕಟ್ಟಿದೆವು. ಮುಂದೆ ಓವಿಲಾ, ಆಮೇಲೆ ಉಗೆಟ್, ಅವಳಿಗಳು, ಜೀನೊ. ಕೊನೆಯ ಜಾಗ ತಪ್ಪಿದ್ದಕ್ಕೆ ಜೀನೊ ನನಗೆ ನೂರು ಸಲ ಥ್ಯಾಂಕ್ಸ್ ಹೇಳಿದ. ಎಲ್ಲರ ಹಿಂದೆ ನನ್ನ ಗಾಡಿ, ನನ್ನ ಹಿಂದೆ ಭಾವ.

ಸರೋವರದ ತಿರುವಿನಲ್ಲಿ ದಾರಿ ಬಿಲ್ಲಿನ ಹಾಗೆ ಬಾಗಿರುವುದರಿಂದ ಇಡೀ ಸಾಲು ಕಾಣುತ್ತದೆ. ಅಲ್ಲೇ ಎದುರಿಗೆ ಮೂರು ಗಾಡಿ ಬಂದವು. ಬೋಸ್‌ನವರೇ, ಮೀಸೆಯವನೇ ಮುಂದೆ. ಓವಿಲಾ ಕೈ ಎತ್ತಿದ. ಐದು ಬೆರಳು, ಹೆಬ್ಬೆರಳು ಎಲ್ಲಕ್ಕಿಂತ ದೂರ ಚಾಚಿತ್ತು. ಈ ಸಲ ಲೆಕ್ಕ ಸರಿಯಿತ್ತು. ಮೀಸೆಯವನು ಗಾಡಿ ಪಕ್ಕಕ್ಕೆ ನಿಲ್ಲಿಸಿ ಎಣಿಸತೊಡಗಿದ. ಕೆಂಪು ಹೋಯಿತು, ನೀಲಿ ಎರಡೂ ಹೋದವು, ಕರಿದು ಹೋಯಿತು. ಕೊನೆಯ ಗಾಡಿ ನನ್ನದೇ ಎಂದು ನಾನು ಎಡಗೈ ಎತ್ತಹೊರಟೆ. ಅಷ್ಟರಲ್ಲಿ ನನ್ನ ಭುಜದ ಪಕ್ಕದಿಂದ ಹಳೇ ಚರ್ಮದ ಕೈಗವಸು ಮೇಲೆದ್ದಿತು. ಭಾವನ ಮುಷ್ಟಿ.

ಮೀಸೆಯವನು ಸೀಟಿನ ಮೇಲೆ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಏನೋ ಕೂಗಿದ. ನನಗೆ ಕೇಳಿಸಲಿಲ್ಲ. ಅಳುವುದಕ್ಕೆ ಹೆಲ್ಮೆಟ್ಟಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಗಾಜೆಲ್ಲ ಒಳಗಿನಿಂದ ಮಂಜಾಯಿತು, ಮೂಗು ಒರೆಸಲು ಕೈ ಹೋಗದು, ಗಾಡಿ ಹೊಯ್ದಾಡಿತು.

ಬೆನ್ನಿಗೆ ಧಡ್ ಎಂದು ಒಂದು ಗುದ್ದು ಬಿತ್ತು.

"ಕಣ್ಣು ಕಾಣದೇ ಇರೋದು ನನಗಾ, ನಿನಗಾ? ದಾರಿ ನೋಡ್ಕೊಂಡು ಓಡ್ಸೆ!"