ಯಾರಿಗೆ ಇಂಪಾರ್ಟೆಂಟ್?

ಕೆರಿಬಿಯನ್ ಸಮುದ್ರದ ಕ್ಯಾರಿಯಕೂ ದ್ವೀಪದ ಶಾಲೆಯಲ್ಲಿ ಯಾವ ಮಗುವಾದರೂ "ಗವರ್ನರ್ ಇಂಪಾರ್ಟೆಂಟ್" ಅಂದರೆ ಯೂಲಾಲಿ ಟೀಚರ್ ಸೀಮೆಸುಣ್ಣ ಕೆಳಗಿಟ್ಟು "ಯಾರಿಗೆ?" ಅನ್ನುತ್ತಿದ್ದರು.

"ಉಪ್ಪು ಇಂಪಾರ್ಟೆಂಟ್, ಟೀಚರ್."

"ಯಾರಿಗೆ?"

"ಮೀನು ಒಣಗಿಸೋ ನಮ್ಮಮ್ಮಂಗೆ!"

ಹಾಗೆ ಹೇಳಿದ ಮೇಲೆಯೇ ಕೂರಲು ಅಪ್ಪಣೆ. ಆ ಪದವನ್ನು ಒಂಟಿಯಾಗಿ ನಿಲ್ಲಿಸಿದವರಿಗೆ ಮೋಕ್ಷವಿರಲಿಲ್ಲ. ಈಗ ಟೀಚರ್ ನಿವೃತ್ತರು. ರೇಡಿಯೋದಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಎಲ್ಲವೂ ಇಂಪಾರ್ಟೆಂಟೇ. ಜೀವಮಾನವೆಲ್ಲ ಗಂಟಲು ಹರಿದುಕೊಂಡದ್ದು ನೀರಿನಲ್ಲಿ ಹೋಮವಾಯಿತೆಂದು ಅವರು ಒಳಗೊಳಗೇ ನೊಂದಿದ್ದರು.

ಅವರ ಹಳೇ ಶಿಷ್ಯ ಅಗಸ್ಟಿನ್ ತನ್ನ ಹೊಸ ಹಾಯಿದೋಣಿಗೆ ಅವರನ್ನೇ ಧರ್ಮಮಾತೆಯಾಗಿ, ಬಾವುಟ ಸರಿಸಿ ಹೆಸರು ತೋರಿಸಲು ಕರೆದಿದ್ದ. ಬಾವುಟದ ಕೆಳಗೆ ದೋಣಿಯ ಹೆಸರು ಅಡಗಿತ್ತು. ದೋಣಿ ನೀರಿಗಿಳಿಸುವ ಶಾಸ್ತ್ರದ ಕುರಿಯ ರಕ್ತ, ರಮ್ಮು, ಪಾದ್ರಿಯ ಪ್ರಾರ್ಥನೆ ಎಲ್ಲ ಆಗಿತ್ತು. ಊರೆಂಬೋ ಊರೇ ಹಗ್ಗ ಹಿಡಿದು ನಿಂತಿತ್ತು. ಕೊಡಲಿಯವರು ಆಸರೆಗಂಬಗಳನ್ನು ಕಡಿದು ದೋಣಿಯನ್ನು ಉರುಳುಮರಗಳ ಮೇಲೆ ಮಲಗಿಸಿಯೂ ಆಗಿತ್ತು. ಸಮುದ್ರದ ಉಬ್ಬರ ಇಳಿಯುವುದರೊಳಗೆ ಎಳೆಯಬೇಕು. ತಪ್ಪಿದರೆ ಮುಂದಿನ ದೊಡ್ಡ ಉಬ್ಬರದವರೆಗೆ ದೋಣಿ ಬಿಸಿಲಲ್ಲಿ ಬಿರಿಯುತ್ತದೆ.

ಅಷ್ಟರಲ್ಲಿ ದೊಡ್ಡ ದ್ವೀಪದಿಂದ ಬಂದ ಅತಿಥಿ, ಅಧಿಕಾರಿ ರಾಲ್‌ಸ್ಟನ್, ಭಾಷಣಕ್ಕೆ ನಿಂತ. ಅವನೂ ಯೂಲಾಲಿ ಟೀಚರ ಶಾಲೆಯ ಹುಡುಗನೇ. ಭಾಷಣವೋ ಹನುಮಂತನ ಬಾಲ. ನೀರು ಹಿಂದೆ ಸರಿಯತೊಡಗಿತು. ಅಗಸ್ಟಿನ್‌ನ ಮುಖದ ಬಣ್ಣ ಹೋಯಿತು. ಅತಿಥಿಯ ಮಾತು ಕಡಿಯುವುದು ಹೇಗೆ?

"ಇದು ಇಂಪಾರ್ಟೆಂಟ್ ದಿನ. ನಾನು ಇಂಪಾರ್ಟೆಂಟ್ ಕೆಲಸ ಬಿಟ್ಟು ಬಂದೆ. ಇನ್ನೊಂದು ಇಂಪಾರ್ಟೆಂಟ್ ವಿಷಯ..."

"ಯಾರಿಗೆ?" ಅಂದುಬಿಟ್ಟರು ಟೀಚರ್, ಅಭ್ಯಾಸಬಲದಿಂದ, ತಮಗೇ ಕೇಳಿಸುವಷ್ಟು ಮೆಲ್ಲಗೆ.

ಪಕ್ಕದಲ್ಲಿದ್ದ ಮೀನುಮಾರುವ ಡೆಲ್ಸಿಗೆ ಅದು ಕೇಳಿತು. "ಯಾರಿಗೋ?" ಎಂದು ಕೂಗಿದಳು. ಕೊಡಲಿಯವರು ಕೂಗಿದರು. ಮುದುಕರು ಕೂಗಿದರು. ಆಮೇಲೆ ದಡಕ್ಕೆ ದಡವೇ ಒಂದೇ ಬಾಯಾಗಿ, "ಯಾರಿಗೆ?"

ಟೀಚರ್ ಸುತ್ತ ತಿರುಗಿ ಒಂದೊಂದೇ ಮುಖ ನೋಡಿದರು. ತಾನು ಕಲಿಸಿದ್ದು ಇಷ್ಟೊಂದು ಎದೆಗಳಲ್ಲಿ ಇನ್ನೂ ಬದುಕಿದೆಯೇ!

ರಾಲ್‌ಸ್ಟನ್ ಬಾಯಿ ತೆರೆದವನು ಟೀಚರನ್ನು ಕಂಡ. ಅಧಿಕಾರಿ ಹೋಗಿ ಒಳಗಿದ್ದ ಹುಡುಗ ಎದ್ದು ನಿಂತ.

"ತಪ್ಪಾಯ್ತು ಟೀಚರ್. ನೀರು ಇಂಪಾರ್ಟೆಂಟ್. ಅಗಸ್ಟಿನ್‌ಗೆ. ಈಗಲೇ!"

"ಕೂತ್ಕೊ," ಅಂದರು ಟೀಚರ್.

"ಕೂರೋದೆಲ್ಲಿ ಮಾರಾಯ, ಹಗ್ಗ ಹಿಡಿ!" ಎಂದು ಅಗಸ್ಟಿನ್ ಅಬ್ಬರಿಸಿದ. ರಾಲ್‌ಸ್ಟನ್ ಕೋಟು ಬಿಸಾಕಿ ಹಗ್ಗಕ್ಕೆ ಬಿದ್ದ. ಹಾಡು ಎದ್ದಿತು, ಮರ ನರಳಿತು, ಮನೆಯಷ್ಟು ದೊಡ್ಡ ದೋಣಿ ಅಲುಗಿತು, ಜಾರಿತು, ಉಳಿದಿದ್ದ ನೀರಿಗೆ ಹೋಗಿ ತಲೆಯೆತ್ತಿ ತೇಲಿತು. ಅಬ್ಬಾ, ಅದನ್ನು ಕಂಡವರೇ ಕಂಡವರು!

ಧರ್ಮಮಾತೆ ಸೊಂಟದುದ್ದ ನೀರಿಗಿಳಿದು ಬಾವುಟ ಎಳೆದರು. ಹಲಗೆಯ ಮೇಲೆ ಬರೆದಿತ್ತು: ಯೂಲಾಲಿ.

ಅವರು ಒದ್ದೆ ಕೈಯಲ್ಲಿ ಆ ಅಕ್ಷರಗಳನ್ನು ಮುಟ್ಟಿದರು. "ಇದು ಇಂಪಾರ್ಟೆಂಟ್," ಅಂದರು.

ಯಾರಿಗೆಂದು ಯಾರೂ ಕೇಳಲಿಲ್ಲ.